ನಾಲಿಗೆಯ ಎಡ ಅಂಚು

ಮೂವತ್ತೊಂದು ವರ್ಷ ಎಲ್ಲರೂ ನನ್ನನ್ನು ಹಲ್ಲು ಕ್ಲೀನ್ ಮಾಡುವ ಸರೋಜಮ್ಮ ಎಂದೇ ಕರೆದರು. ತಪ್ಪೇನಿಲ್ಲ, ಮಾಡುತ್ತಿದ್ದದ್ದು ಅದನ್ನೇ. ಜಯನಗರದ ಹತ್ತಿರದ ಒಂದು ದಂತ ಕಾಲೇಜಿನ ಆಸ್ಪತ್ರೆಯಲ್ಲಿ ನಾನು ಡೆಂಟಲ್ ಹೈಜಿನಿಸ್ಟ್ ಆಗಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ಕೋಟು ಹಾಕಿಕೊಂಡು ಕೂತರೆ ಸಂಜೆ ನಾಲ್ಕರವರೆಗೆ ಊರಿನವರ ಹಲ್ಲಿನ ಪಾಚಿ ಕೆರೆಯುವುದು. ಈಗ ಈ ಕೋರ್ಸಿಗೆ ಸೇರುವ ಮಕ್ಕಳಿಗೆ ಮೊದಲ ವರ್ಷವೇ ಪೆಥಾಲಜಿಯ ದಪ್ಪ ಪುಸ್ತಕ ಕೈಗೆ ಬರುತ್ತದೆ. ಪಾಚಿ ಕೆರೆಯುವವರಿಗೆ ರೋಗಶಾಸ್ತ್ರ ಯಾಕೆ ಬೇಕು ಎಂದು ಅವರು ಗೊಣಗುತ್ತಾರಂತೆ. ನಾನೂ ಗೊಣಗಿದ್ದೆ.

ಡಾಕ್ಟರು ನೋಡುವುದು ನೋಯುವ ಹಲ್ಲನ್ನು. ಐದು ನಿಮಿಷದಲ್ಲಿ ಅವರ ಕೆಲಸ ಮುಗಿಯುತ್ತದೆ. ಅರ್ಧ ಗಂಟೆ ತೆರೆದ ಬಾಯಿಯ ಎದುರು ಕೂರುವವರು ನಾವು. ಕೆನ್ನೆಯ ಒಳಗೆ, ನಾಲಿಗೆಯ ಕೆಳಗೆ, ಅಂಗುಳದ ಮೂಲೆಯಲ್ಲಿ ಏನಾದರೂ ಇದ್ದರೆ ಮೊದಲು ಕಾಣುವುದು ನಮಗೆ. ಕಂಡದ್ದನ್ನು ಏನು ಮಾಡುತ್ತೇವೆ ಎನ್ನುವುದು ಬೇರೆ ಮಾತು. ಅದನ್ನು ಆ ಮಕ್ಕಳಿಗೆ ಹೇಳಲಿಕ್ಕೇ ಬರೆಯುತ್ತಿದ್ದೇನೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಬನಶಂಕರಿಯ ಒಬ್ಬ ಹಿರಿಯರ ಅಂಗುಳದ ನಡುವೆ ಗೋಲಿಯಷ್ಟು ದೊಡ್ಡ ಗಟ್ಟಿ ಉಬ್ಬು ಕಂಡಿತು. ಅವರ ಎದುರಿಗೇ "ಸಾರ್, ಗಡ್ಡೆ ಇದೆ" ಎಂದು ಕೂಗಿಕೊಂಡು ವಿಭಾಗದ ಮುಖ್ಯಸ್ಥರ ಕೋಣೆಗೆ ಓಡಿದೆ. ಅವರು ಬಂದು ಬೆರಳಿಟ್ಟು ನೋಡಿ ನಕ್ಕರು. ಕೆಲವರಿಗೆ ಹರೆಯದಿಂದಲೇ ಅಲ್ಲಿ ಮೂಳೆ ಉಬ್ಬಿಕೊಂಡಿರುತ್ತದೆ, ಅದರಿಂದ ಏನೂ ಆಗುವುದಿಲ್ಲ. ಅಷ್ಟರಲ್ಲಿ ಆ ಹಿರಿಯರು ಹೊರಗೆ ಕೂತಿದ್ದ ಹೆಂಡತಿಯನ್ನು ಕರೆದು ಮಗಳ ಮದುವೆ ಬೇಗ ಮುಗಿಸಬೇಕೆಂದು ಹೇಳಿ ಆಗಿತ್ತು. ಮುಖ್ಯಸ್ಥರು ನನಗೆ ಬೈಯಲಿಲ್ಲ. ಒಂದು ತಿಂಗಳು ರೋಗದ ಸುದ್ದಿಗೇ ಹೋಗಬೇಡ, ಆರೋಗ್ಯವಾಗಿರುವ ಬಾಯಿ ಹೇಗಿರುತ್ತದೆ ಅನ್ನುವುದನ್ನು ಮಾತ್ರ ನೋಡಿ ಬರೆದಿಡು ಎಂದರು. ನೋಟುಪುಸ್ತಕದ ತುಂಬ ಬರೆದೆ. ನನಗೆ ಬಂದ ಅಷ್ಟೋ ಇಷ್ಟೋ ವಿದ್ಯೆಯ ಬುಡ ಅದೇ.

ಆಗ ಕೈಗವಸನ್ನು ತೊಳೆದು ಒಣಗಿಸಿ ಮತ್ತೆ ಹಾಕಿಕೊಳ್ಳುತ್ತಿದ್ದೆವು. ಕಂಡದ್ದನ್ನು ಕೇಸ್ ಶೀಟಿನ ಮೇಲೆ ಪೆನ್ಸಿಲ್ಲಿನಲ್ಲಿ ಚಿತ್ರ ಬಿಡಿಸಿ ತೋರಿಸಬೇಕಿತ್ತು. ಈಗಿನ ಹುಡುಗಿಯರು ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸುತ್ತಾರೆ. ಅನುಮಾನದ ಜಾಗಕ್ಕೆ ನೀಲಿ ದ್ರವ ಹಚ್ಚಿದರೆ ಕೆಟ್ಟ ಭಾಗ ಬಣ್ಣ ಹಿಡಿಯುತ್ತದೆ ಎನ್ನುವುದೂ ಆಮೇಲೆ ಬಂತು. ಆದರೆ ಚಿತ್ರ ಬಿಡಿಸುವಾಗ ಕಣ್ಣು ಎಷ್ಟು ಹೊತ್ತು ಆ ಜಾಗದಲ್ಲಿ ನಿಲ್ಲುತ್ತಿತ್ತೋ ಅಷ್ಟು ಹೊತ್ತು ಫೋಟೊ ತೆಗೆಯುವಾಗ ನಿಲ್ಲುವುದಿಲ್ಲ.

ಹತ್ತು ವರ್ಷವಾದ ಮೇಲೆ ನನ್ನದೂ ಒಂದು ದಿನ ಬಂತು. ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಣ್ಣುಮಗಳೊಬ್ಬಳು ಬಂದಿದ್ದಳು, ಇಪ್ಪತ್ತೈದರ ಒಳಗಿನ ವಯಸ್ಸು. ವಸಡು ಊದಿ ಅರ್ಧ ಹಲ್ಲು ಮುಚ್ಚಿತ್ತು. ಮುಟ್ಟದೆಯೇ ರಕ್ತ ಒಸರುತ್ತಿತ್ತು. ಹಲ್ಲು ಸರಿಯಾಗಿ ಉಜ್ಜುವುದಿಲ್ಲ, ಕ್ಲೀನ್ ಮಾಡಿ ಎಂದು ಚೀಟಿಯಲ್ಲಿ ಬರೆದು ನನ್ನ ಬಳಿ ಕಳಿಸಿದ್ದರು. ಕೊಳೆಯಿಂದ ಊದಿದ ವಸಡಾದರೆ ಬುಡದಲ್ಲಿ ಪಾಚಿ ಇರಬೇಕು. ಇವಳ ಹಲ್ಲುಗಳು ಶುಭ್ರವಾಗಿದ್ದವು. ಮುಖ ಬಿಳಚಿಕೊಂಡಿತ್ತು. ಬಟ್ಟೆಯ ತೋಳು ಮಡಿಸಲು ಹೇಳಿದೆ, ಎಲ್ಲೂ ಪೆಟ್ಟು ಬೀಳದಿದ್ದರೂ ನೀಲಿ ಕಲೆಗಳು. ಕೈಯಲ್ಲಿದ್ದ ಸಲಕರಣೆ ಕೆಳಗಿಟ್ಟು ರಕ್ತಪರೀಕ್ಷೆ ಆಗುವವರೆಗೂ ಮುಟ್ಟುವುದಿಲ್ಲ ಎಂದೆ. ಪರೀಕ್ಷೆಯಲ್ಲಿ ರಕ್ತದ ಕ್ಯಾನ್ಸರ್ ಎಂದು ಬಂತು. ಅವತ್ತು ಕೆರೆದಿದ್ದರೆ ರಕ್ತ ನಿಲ್ಲಿಸುವುದು ಯಾರ ಕೈಯಲ್ಲೂ ಆಗುತ್ತಿರಲಿಲ್ಲ.

ಆಗತಾನೆ ಪೆಥಾಲಜಿಗೆ ಮುಖ್ಯಸ್ಥೆಯಾಗಿ ಬಂದಿದ್ದ ವಸುಂಧರಾ ಮೇಡಂ ಇಡೀ ತರಗತಿಯ ಎದುರು ನನ್ನನ್ನು ನಿಲ್ಲಿಸಿ, ಇವರು ಏನು ಮಾಡಿದರು ಅನ್ನುವುದಕ್ಕಿಂತ ಏನು ಮಾಡಲಿಲ್ಲ ಅನ್ನುವುದನ್ನು ನೆನಪಿಡಿ ಎಂದರು. ಹುಡುಗಿಯರು ಚಪ್ಪಾಳೆ ತಟ್ಟಿದರು. ಆ ಹೆಣ್ಣುಮಗಳನ್ನು ಬೇರೆ ಆಸ್ಪತ್ರೆಗೆ ಕಳಿಸಿದೆವು. ಅವಳು ಬದುಕಿದಳೋ ಇಲ್ಲವೋ ನನಗೆ ತಿಳಿಯದು. ವಿಚಾರಿಸಲೂ ಇಲ್ಲ. ಆ ಹೊಗಳಿಕೆಯನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡೆ. ಹನ್ನೆರಡು ವರ್ಷ ಅದರ ಮೇಲೇ ಬದುಕಿದೆ ಎಂದರೂ ಸರಿಯೇ.

ಆಮೇಲೆ ರೇಣುಕಾ ಬಂದಳು.

ಗದಗದ ಕಡೆಯವಳು. ಬಿಟಿಎಂ ಬಡಾವಣೆಯಲ್ಲಿ ಇಬ್ಬರು ಗೆಳತಿಯರ ಜೊತೆ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಳು. ನನ್ನದೇ ಡಿಪ್ಲೊಮಾ, ನನ್ನದೇ ಕೆಲಸ, ನನ್ನ ಪಕ್ಕದ ಕುರ್ಚಿ. ಸೇರಿದ ದಿನವೇ ನನ್ನ ಬಳಿ ಬಂದು "ಅಕ್ಕಾರ, ನನಗ ಏನೂ ಬರೂದಿಲ್ಲ ಅಂತ ತಿಳದು ಕಲಸ್ರಿ" ಎಂದಳು. ಆ ವಿನಯ ನನಗೆ ಹಿಡಿಸಿತ್ತು. ಎರಡು ತಿಂಗಳು ಎಲ್ಲ ಹೇಳಿಕೊಟ್ಟೆ. ಗಾಜ್ ಬಟ್ಟೆಯಲ್ಲಿ ನಾಲಿಗೆಯ ತುದಿ ಹಿಡಿದು ಎರಡೂ ಪಕ್ಕಕ್ಕೆ ಎಳೆದು ನೋಡುವುದನ್ನು, ಕಂಡ ಹುಣ್ಣನ್ನು ಬೆರಳಿನಿಂದ ಒತ್ತಿ ಮೆತ್ತಗಿದೆಯೋ ಗಟ್ಟಿಯಿದೆಯೋ ಎಂದು ತಿಳಿಯುವುದನ್ನು, ಎರಡು ವಾರದಲ್ಲಿ ಮಾಯದ ಯಾವುದೇ ಹುಣ್ಣನ್ನು ಮೇಲಿನವರಿಗೆ ತೋರಿಸಲೇಬೇಕು ಎನ್ನುವುದನ್ನು ಅವಳಿಗೆ ಹೇಳಿಕೊಟ್ಟವಳು ನಾನೇ.

ಮೂರನೆಯ ತಿಂಗಳಿಗೆ ಅವಳು ನನ್ನನ್ನು ಕೇಳುವುದನ್ನು ನಿಲ್ಲಿಸಿದಳು. ಸೊಕ್ಕಿನಿಂದಲ್ಲ, ಕೇಳುವ ಅಗತ್ಯ ಇರಲಿಲ್ಲ. ಕೆನ್ನೆಯೊಳಗಿನ ರಂಗೋಲಿಯ ಎಳೆಯಂಥ ಬಿಳಿ ಗೆರೆಗಳನ್ನು ನೋಡಿ ಇದು ಚರ್ಮದ ಕಾಯಿಲೆ, ಮಣಿಕಟ್ಟು ತೋರಿಸಿ ಎಂದು ರೋಗಿಗೆ ಹೇಳುತ್ತಿದ್ದಳು. ತೋರಿಸಿದರೆ ಅಲ್ಲೂ ಇರುತ್ತಿತ್ತು. ಗುಟ್ಕಾ ತಿಂದು ಬಾಯಿ ಬಿಗಿಯುತ್ತಿರುವವರನ್ನು ಮೂರು ಬೆರಳು ಒಳಗೆ ಹೋಗುತ್ತದೆಯೇ ನೋಡಿ ಗುರುತಿಸುತ್ತಿದ್ದಳು. ವಸುಂಧರಾ ಮೇಡಂ ತಮ್ಮ ಕೋಣೆಯಲ್ಲಿ ಇಬ್ಬರು ಒಟ್ಟಿಗೆ ನೋಡಬಹುದಾದ ಸೂಕ್ಷ್ಮದರ್ಶಕ ಇಟ್ಟಿದ್ದರು. ಅದರ ಎರಡನೆಯ ಕಣ್ಣಿಗೆ ಕೂರುತ್ತಿದ್ದವರು ದೊಡ್ಡ ಓದು ಓದುವ ಡಾಕ್ಟರುಗಳು ಮಾತ್ರ. ಒಂದು ಮಧ್ಯಾಹ್ನ ಫೈಲು ಕೊಡಲು ಹೋದಾಗ ಅಲ್ಲಿ ರೇಣುಕಾ ಕೂತಿದ್ದಳು. ಮೇಡಂ ಸ್ಲೈಡು ಸರಿಸುತ್ತ "ರೇಣು, ಈ ಜೀವಕೋಶ ನೋಡು" ಎನ್ನುತ್ತಿದ್ದರು. ಇಷ್ಟು ವರ್ಷದಲ್ಲಿ ನನ್ನನ್ನು ಅವರು ಒಮ್ಮೆಯೂ ಅಲ್ಲಿ ಕೂರಿಸಿರಲಿಲ್ಲ. ನನ್ನ ಹೆಸರನ್ನು ಮೊಟಕು ಮಾಡಿ ಕರೆದಿರಲೂ ಇಲ್ಲ. ಫೈಲು ಮೇಜಿನ ಮೇಲಿಟ್ಟು ಬಂದೆ.

ಅಂದಿನಿಂದ ನನ್ನ ಕಣ್ಣು ರೋಗಿಗಳ ಬಾಯಿಗಿಂತ ಹೆಚ್ಚಾಗಿ ಅವಳ ಕುರ್ಚಿಯ ಕಡೆಗೇ ಇರುತ್ತಿತ್ತು. ಅವಳು ಬರೆದ ಕೇಸ್ ಶೀಟು ತೆಗೆದು ಕಾಗುಣಿತದ ತಪ್ಪು ಹುಡುಕುತ್ತಿದ್ದೆ. ಅವಳು ತರುತ್ತಿದ್ದ ಜೋಳದ ರೊಟ್ಟಿಯನ್ನು ಎಲ್ಲರೂ ಹಂಚಿಕೊಂಡು ತಿನ್ನುವಾಗ ನಾನು ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದೆ. ಅವಳಿಲ್ಲದಾಗ ಅವಳ ಮಾತಿನ ರಾಗ ಎಳೆದು ತೋರಿಸಿ ನರ್ಸುಗಳನ್ನು ನಗಿಸುತ್ತಿದ್ದೆ. ಮೇಡಂ ತಿಂಗಳಿಗೆ ಎಷ್ಟು ಸಲ ಅವಳನ್ನು ಹೊಗಳಿದರು ಎನ್ನುವುದು ನನಗೆ ಬಾಯಿಪಾಠವಾಗಿತ್ತು. ಐವತ್ತು ದಾಟಿದ ಹೆಂಗಸು ಮಗಳ ವಯಸ್ಸಿನವಳ ಮೇಲೆ ಹೀಗೆ ಉರಿದುಕೊಳ್ಳುತ್ತಾಳೆ ಎಂದು ಬೇರೆ ಯಾರಾದರೂ ಹೇಳಿದ್ದರೆ ನಾನೇ ಛೀಮಾರಿ ಹಾಕುತ್ತಿದ್ದೆ.

ಹೀಗಿರುವಾಗ ಸಾರಕ್ಕಿಯ ಜಯಮ್ಮ ಬಂದರು. ಅವರದು ಹಳೆಯ ಊರಿನ ಮನೆತನ. ಕೆರೆಯ ಹತ್ತಿರ ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರ ಮನೆಗಳಿದ್ದವು, ಬಾಡಿಗೆಗೆ ಕೊಟ್ಟಿದ್ದರು. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ ಹರೆಯದಿಂದ. ಮಾತೆಂದರೆ ಮಾತು. ಕುರ್ಚಿಯಲ್ಲಿ ಬಾಯಿ ತೆರೆದಿದ್ದಾಗಲೂ ಬಾಡಿಗೆದಾರರ ಸುದ್ದಿ ಹೇಳುತ್ತಿದ್ದರು. ಒಬ್ಬರ ಸಂಸಾರದ ಜಗಳವನ್ನು ಇಬ್ಬರ ದನಿಯಲ್ಲೂ ಆಡಿ ತೋರಿಸುತ್ತಿದ್ದರು. ಕೆಲಸ ನಿಲ್ಲಿಸಿ ನಾವೆಲ್ಲ ಕೇಳುತ್ತಿದ್ದೆವು.

ಅವತ್ತು ಅವರು ರೇಣುಕಾಳ ಕುರ್ಚಿಗೆ ಹೋದರು. ಅವಳು ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದಳು: ನಾಲಿಗೆಯ ಎಡ ಅಂಚು, ಹುಣ್ಣು, ನೋವಿಲ್ಲ. ಎರಡು ವಾರ ಬಿಟ್ಟು ನೋಡಿ. ಮಾಯದಿದ್ದರೆ ಪೆಥಾಲಜಿ.

ಎರಡು ವಾರವಾಗುವ ಹೊತ್ತಿಗೆ ಅವಳು ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದಳು. ಜಯಮ್ಮ ನನ್ನ ಕುರ್ಚಿಗೆ ಬಂದು ಕೂತರು. ನಾಲಿಗೆ ಹಿಡಿದು ನೋಡಿದೆ. ಹುಣ್ಣು ಇತ್ತು. ಅದರ ಎದುರಿಗೇ ಮುರಿದು ಚೂಪಾಗಿದ್ದ ಒಂದು ದವಡೆ ಹಲ್ಲೂ ಇತ್ತು. ಹಲ್ಲು ಚುಚ್ಚಿ ಆದ ಗಾಯ ಎಂದುಕೊಂಡೆ. ಹಾಗಾಗುವುದುಂಟು. ಆದರೆ ಬೆರಳಿಟ್ಟು ಒತ್ತಿದಾಗ ಅದರ ಅಂಚು ತಣ್ಣಗಾದ ರೊಟ್ಟಿಯ ಅಂಚಿನಂತೆ ಗಟ್ಟಿಯಾಗಿತ್ತು. ನನ್ನ ಬೆರಳಿಗೆ ಅದು ತಿಳಿಯಿತು. ತಿಳಿಯಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ, ಇಲ್ಲಿ ಹೇಳುವುದಿಲ್ಲ. ಆ ಕ್ಷಣದಲ್ಲಿ ನನ್ನ ಕಣ್ಣ ಮುಂದೆ ಇದ್ದದ್ದು ನಾಲಿಗೆಯಲ್ಲ, ಆ ಕೆಂಪು ಶಾಯಿ. ಪೆಥಾಲಜಿಗೆ ಕಳಿಸಿದರೆ ರೇಣುಕಾ ಹೇಳಿದ್ದು ನಿಜ ಎಂದಾಗುತ್ತದೆ, ಮೇಡಂ ಮತ್ತೆ ಎಲ್ಲರ ಎದುರು ಅವಳನ್ನು ನಿಲ್ಲಿಸುತ್ತಾರೆ ಎನ್ನುವುದೇ ತಲೆಯಲ್ಲಿತ್ತು.

"ಆ ಹುಡುಗಿ ಏನೋ ಪರೀಕ್ಷೆ ಮಾಡಿಸ್ಬೇಕು ಅಂದಿದ್ಲು ಕಣಮ್ಮ" ಎಂದರು ಜಯಮ್ಮ.

"ಅವ್ಳು ಹೊಸಬಳು, ಎಲ್ಲಕ್ಕೂ ಪರೀಕ್ಷೆ ಅಂತಾಳೆ. ಇದು ಹಲ್ಲು ಚುಚ್ಚಿ ಆಗಿರೋದು ಅಷ್ಟೇ" ಎಂದೆ.

ಡಾಕ್ಟರ ಬಳಿ ಕಳಿಸಿ ಹಲ್ಲನ್ನು ನಯ ಮಾಡಿಸಿದೆ. ಹುಣ್ಣಿನ ಗಟ್ಟಿತನದ ಬಗ್ಗೆ ಅವರಿಗೆ ಹೇಳಲಿಲ್ಲ. ಶೀಟಿನಲ್ಲಿ ಕೆಂಪು ಅಕ್ಷರಗಳ ಕೆಳಗೆ ನೀಲಿ ಶಾಯಿಯಲ್ಲಿ, ಚೂಪು ಹಲ್ಲು, ಸರಿಪಡಿಸಲಾಗಿದೆ, ಚಿಂತೆಯಿಲ್ಲ ಎಂದು ಬರೆದೆ. ನಿಜಕ್ಕೂ ಹಲ್ಲಿನ ಗಾಯವಾಗಿದ್ದರೂ ಹಲ್ಲು ನಯ ಮಾಡಿದ ಮೇಲೆ ಎರಡು ವಾರಕ್ಕೆ ಮತ್ತೆ ಕರೆದು ನೋಡಬೇಕಿತ್ತು. ಕರೆಯಲಿಲ್ಲ. ರೇಣುಕಾ ಊರಿನಿಂದ ಬಂದವಳೇ ಮದುವೆಯ ಸಿಹಿ ಉಂಡಿ ಕೈಗಿಟ್ಟು, ಜಯಮ್ಮ ಬಂದಿದ್ದರೇ ಎಂದು ಕೇಳಿದಳು. ಬಂದಿದ್ದರು, ಮಾಯುತ್ತಿದೆ ಎಂದೆ. ಅವಳು ನಂಬಿದಳು. ನಂಬದೆ ಇರಲು ಅವಳಿಗೆ ಕಾರಣವಿರಲಿಲ್ಲ.

ನಾಲ್ಕು ತಿಂಗಳು ಕಳೆದ ಮೇಲೆ ಜಯಮ್ಮ ಮತ್ತೆ ಬಂದಾಗ ಕುತ್ತಿಗೆಯಲ್ಲಿ ಒಂದು ಗಂಟು ಇತ್ತು. ನುಂಗುವಾಗ ಕಿವಿಯವರೆಗೂ ನೋವು ಎಂದರು. ರೇಣುಕಾ ನಾಲಿಗೆ ಎಳೆದು ನೋಡಿದಳು. ನನ್ನ ಕಡೆ ತಿರುಗಿ ನೋಡಲಿಲ್ಲ. ಅವರನ್ನು ಕೈಹಿಡಿದು ನೇರವಾಗಿ ಮೇಡಂ ಕೋಣೆಗೆ ಕರೆದುಕೊಂಡು ಹೋದಳು. ತುಣುಕು ತೆಗೆದು ಪರೀಕ್ಷೆ ಮಾಡಿದರು. ಕ್ಯಾನ್ಸರ್, ಕುತ್ತಿಗೆಗೂ ಹರಡಿತ್ತು. ಎಡಗಡೆಯ ಅರ್ಧ ನಾಲಿಗೆ ತೆಗೆದರು, ಕುತ್ತಿಗೆಯ ಗಂಟುಗಳನ್ನೂ ಕೊಯ್ದು ತೆಗೆದರು. ಆಮೇಲೆ ಆರು ವಾರ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಟ್ಟರು.

ಮೇಡಂ ಸಭೆ ಕರೆದು ಆ ಕೇಸ್ ಶೀಟನ್ನು ಮೇಜಿನ ಮೇಲಿಟ್ಟರು. ಕೆಂಪಿನ ಕೆಳಗೆ ನೀಲಿ ಎಲ್ಲರಿಗೂ ಕಾಣುತ್ತಿತ್ತು. ಇದು ಹೇಗಾಯಿತು ಎಂದು ಕೇಳಿದರು. ಮೊದಲು ಮಾತಾಡಿದವಳು ರೇಣುಕಾ.

"ಮೇಡಂ, ನಾ ಊರಿಗೆ ಹೋಗೂಮುಂದ ಅಕ್ಕಾರಿಗೆ ಸರಿಯಾಗಿ ಹೇಳಿ ಹೋಗಬೇಕಾಗಿತ್ತು. ಬರೇ ಬರದಿಟ್ಟು ಹೋದೆ. ತಪ್ಪು ನಂದೂ ಐತಿ."

ಅವಳು ನನ್ನನ್ನು ಉಳಿಸಲು ನೋಡಿದಳು. ಅದಕ್ಕೆ ನನಗೆ ಕೃತಜ್ಞತೆ ಬರಲಿಲ್ಲ. ಎಲ್ಲರ ಎದುರು ಎಷ್ಟು ದೊಡ್ಡ ಮನಸ್ಸಿನವಳಾದಳು ಎಂದು ಇನ್ನಷ್ಟು ಹೊಟ್ಟೆ ಉರಿಯಿತು. ತಪ್ಪಿನ ಪಾಲು ಅವಳ ಮೇಲೆ ಬೀಳಲು ಬಿಟ್ಟೆ.

ಸಭೆ ಮುಗಿದ ಮೇಲೆ ಮೇಡಂ ನನ್ನೊಬ್ಬಳನ್ನೇ ಇರಲು ಹೇಳಿದರು. ಬಾಗಿಲು ಹಾಕಿ ಬಂದು ಎದುರಿಗೆ ಕೂತರು.

"ಸರೋಜಾ, ನಿಮ್ಮ ಕಣ್ಣು ಎಂಥದು ಅಂತ ನನಗೆ ಗೊತ್ತು. ಅದಕ್ಕೇ ಕೇಳ್ತಿದೀನಿ. ನಿಮಗೆ ಕಾಣ್ಲಿಲ್ವಾ, ಕಾಣೋದು ಬೇಡವಾಗಿತ್ತಾ?"

ನಾನು ಹಲ್ಲು ಚೂಪಾಗಿತ್ತು ಎಂದೆ. ಅವರು ಸರಿ ಹೋಗಿ ಎಂದರು. ಹೊಸ ರೋಗಿಗಳನ್ನು ಮೂರು ತಿಂಗಳು ನನ್ನ ಬಳಿ ಕಳಿಸಬಾರದೆಂದು ಬರೆದರು. ನನಗೆ ಕೊಟ್ಟ ಶಿಕ್ಷೆ ಅಷ್ಟೇ.

ಜಯಮ್ಮ ಬದುಕಿಕೊಂಡರು. ವರ್ಷವಾದ ಮೇಲೆ ಹಲ್ಲು ನೋಡಿಸಿಕೊಳ್ಳಲು ಬಂದು ನನ್ನ ಕುರ್ಚಿಯನ್ನೇ ಕೇಳಿ ಕೂತರು. ತೂಕ ಇಳಿದಿತ್ತು. ಮಾತಾಡಿದರೆ ಅಕ್ಷರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತಿದ್ದವು. ಬಾಡಿಗೆದಾರರ ಸುದ್ದಿ ಹೇಳಲಿಲ್ಲ. ಮೊಮ್ಮಗಳು ಅವರ ಪರವಾಗಿ ಮಾತಾಡಿದಳು. ಅವತ್ತು ಹಲ್ಲಿನಿಂದ ಆದದ್ದು ಆಮೇಲೆ ಹೀಗೆ ತಿರುಗಿತು, ಎಲ್ಲ ಹಣೆಬರಹ ಎಂದು ಅಜ್ಜಿ ಹೇಳುತ್ತಾರೆ ಎಂದಳು. ಅವರು ನನ್ನ ಮೊಣಕೈ ಸವರಿದರು. ನನ್ನಿಂದ ಅದನ್ನು ತಡೆದುಕೊಳ್ಳಲು ಆಗಲಿಲ್ಲ. ಮೊಮ್ಮಗಳನ್ನು ಹೊರಗೆ ಕೂರಲು ಹೇಳಿ ಪರದೆ ಎಳೆದೆ.

"ಜಯಮ್ಮನೋರೆ, ಅದು ಹಣೆಬರಹ ಅಲ್ಲ. ಅವತ್ತೇ ಗಟ್ಟಿ ಇತ್ತು. ನನಗೆ ಗೊತ್ತಾಯ್ತು. ಆ ಹುಡುಗಿ ಮೇಲಿನ ಹೊಟ್ಟೆಕಿಚ್ಚಿಗೆ ನಾನು ಕಳಿಸ್ಲಿಲ್ಲ."

ಅವರು ಎದ್ದು ಹೊಡೆಯುತ್ತಾರೆ ಎಂದುಕೊಂಡೆ, ಅಳುತ್ತಾರೆ ಎಂದುಕೊಂಡೆ. ಏನೋ ಕೇಳಿದರು. ನನಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿ ಎನ್ನಬೇಕಾಯಿತು. ನಾನೇ ಕೆಡಿಸಿದ ನಾಲಿಗೆಯಿಂದ ಅದೇ ಮಾತನ್ನು ಎರಡನೆಯ ಸಲ ಹೇಳಿಸಿಕೊಂಡೆ.

"ಇನ್ಯಾರ್ಗಾದ್ರೂ ಹಿಂಗ್ ಮಾಡಿದ್ದೀಯಾ?"

ಇಲ್ಲ ಎನ್ನಲು ಬಾಯಿ ತೆರೆದೆ. ಆದರೆ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ. ಅವರು ಕುರ್ಚಿಯಿಂದ ಇಳಿದು, ಸೆರಗು ಸರಿಮಾಡಿಕೊಂಡು ಪರದೆ ಸರಿಸಿ ಹೊರಟರು. ಮುಂದಿನ ಸಲದಿಂದ ರೇಣುಕಾಳ ಕುರ್ಚಿಗೇ ಹೋದರು. ಎಂಟು ಅಡಿ ದೂರದಲ್ಲಿ ಕೂತು ನಾನು ಅದನ್ನು ನೋಡಬೇಕಿತ್ತು. ಅವರು ಮಾತ್ರ ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.

ಜಯಮ್ಮನಿಗೆ ನಿಜ ಹೇಳಿದ ಮಾರನೆಯ ದಿನವೇ ನಾನು ಮೇಡಂ ಬಳಿ ಹೋಗಿ, ಹಿಂದೆ ಅವರು ಕೇಳಿದ್ದ ಪ್ರಶ್ನೆಗೆ ಉತ್ತರ ಕೊಟ್ಟೆ. ಅವರು ಅದನ್ನು ಬರೆದು ಕೊಡಲು ಹೇಳಿದರು, ಕೊಟ್ಟೆ. ನನ್ನ ಹಿರಿತನ ತೆಗೆದು ನಮ್ಮ ಕೊಠಡಿಯ ಹೊಣೆಯನ್ನು ರೇಣುಕಾಳಿಗೆ ಕೊಟ್ಟರು. ಆಮೇಲೆ ಹಳೆಯ ಕೇಸ್ ಶೀಟುಗಳನ್ನು ತೆಗೆದು ನೋಡಲು ಅನುಮತಿ ಕೇಳಿದೆ. ರೇಣುಕಾ ಬಂದ ದಿನದಿಂದ, ಎರಡು ವಾರ ಬಿಟ್ಟು ನೋಡಿ ಎಂದು ಅವಳು ಬರೆದು, ಆಮೇಲೆ ನನ್ನ ಕೈಗೆ ಬಂದು, ಮತ್ತೆ ಯಾರೂ ನೋಡದ ಬಾಯಿಗಳು ಎಷ್ಟಿವೆ ಎಂದು ತಿಳಿಯಬೇಕಿತ್ತು. ಒಬ್ಬಳೇ ಮುಗಿಸುವ ಕೆಲಸವಲ್ಲ. ರೇಣುಕಾಳನ್ನೇ ಕೇಳಬೇಕಾಯಿತು. ಯಾಕೆಂದು ಹೇಳಿದೆ. ಸಭೆಯಲ್ಲಿ ಕೆಂಪಿನ ಕೆಳಗೆ ನೀಲಿ ನೋಡಿದಾಗಲೇ ತನಗೆ ತಿಳಿದಿತ್ತು ಎಂದಳು. ಮತ್ತೆ ಯಾಕೆ ನನ್ನ ಪರ ಮಾತಾಡಿದೆ ಎಂದು ಕೇಳಿದೆ. "ನನಗ ಕಲಿಸಿದಾಕಿ ನೀವರೀ" ಎಂದಷ್ಟೇ ಹೇಳಿ ರಿಜಿಸ್ಟರಿನ ಧೂಳು ಒರೆಸಿದಳು. ಆದರೆ ಅಂದಿನಿಂದ ರೊಟ್ಟಿಯ ಡಬ್ಬಿಯನ್ನು ನನ್ನ ಕಡೆ ಸರಿಸುವುದನ್ನು ಬಿಟ್ಟಳು.

ಶುಕ್ರವಾರದ ಮಧ್ಯಾಹ್ನಗಳಲ್ಲಿ ಕೂತು ಫೋನು ಮಾಡಿದೆ. ಹೆಚ್ಚಿನವರ ಹುಣ್ಣು ಮಾದುಹೋಗಿತ್ತು. ಕೆಲವರು ಮನೆ ಬದಲಾಯಿಸಿದ್ದರು, ನಂಬರು ಸಿಗಲಿಲ್ಲ. ಅವರ ಬಾಯಿಯಲ್ಲಿ ಏನಾಯಿತೋ ನನಗೆ ಇವತ್ತಿಗೂ ತಿಳಿಯದು. ಅರೆಕೆರೆಯ ಒಬ್ಬ ಎಲೆಕ್ಟ್ರಿಷಿಯನ್, ನಾಗರಾಜ್, ನೋವೇನೂ ಇಲ್ಲ ಮೇಡಂ, ಕೆಲಸ ಜಾಸ್ತಿ ಇದೆ ಎಂದು ಐದು ಸಲ ತಪ್ಪಿಸಿಕೊಂಡರು. ಆರನೆಯ ಸಲ ಅವರ ಹೆಂಡತಿಯ ಬಳಿ ಮಾತಾಡಿದೆ. ಮರುದಿನ ಇಬ್ಬರೂ ಬಂದರು. ನಾಲಿಗೆಯ ಕೆಳಗೆ ಹೆಸರುಕಾಳಿನಷ್ಟು ಕೆಂಪು ಮಚ್ಚೆ ಇತ್ತು. ಬಿಳಿ ಮಚ್ಚೆಗಿಂತ ಕೆಂಪು ಮಚ್ಚೆಗೆ ಹೆಚ್ಚು ಹೆದರಬೇಕು, ಮಕ್ಕಳೇ, ಇದನ್ನು ಬರೆದಿಟ್ಟುಕೊಳ್ಳಿ. ಎರಡು ವರ್ಷದ ಹಿಂದೆ ಅದೇ ಜಾಗದಲ್ಲಿ ಬಿಳಿ ಮಚ್ಚೆ ಎಂದು ರೇಣುಕಾ ಬರೆದಿದ್ದಳು. ಅದರ ಕೆಳಗೆ, ಚಿಂತೆಯಿಲ್ಲ ಎಂದು ನನ್ನದೇ ನೀಲಿ ಅಕ್ಷರವಿತ್ತು.

ಅದೇ ದಿನ ಪೆಥಾಲಜಿಗೆ ಕಳಿಸಿದೆ. ಆಗತಾನೆ ಕ್ಯಾನ್ಸರಿಗೆ ತಿರುಗುತ್ತಿತ್ತು, ಹರಡಿರಲಿಲ್ಲ. ಸಣ್ಣ ಶಸ್ತ್ರಚಿಕಿತ್ಸೆಯಲ್ಲೇ ಮುಗಿಯಿತು.

ಎರಡು ತಿಂಗಳ ಮೇಲೆ ನಾಗರಾಜ್ ಒಂದು ಡಬ್ಬಿ ಮೈಸೂರುಪಾಕು ಹಿಡಿದುಕೊಂಡು ಬಂದರು. ಬಾಗಿಲಲ್ಲಿ ನಿಂತು, ಶೀಟಿನಲ್ಲಿ ಮೊದಲು ಕಂಡುಹಿಡಿದವರು ರೇಣುಕಾ ಅಂತ ಇದೆಯಂತೆ, ಡಾಕ್ಟರು ಹೇಳಿದರು, ಆ ಮೇಡಂ ಯಾರು ಎಂದು ನನ್ನನ್ನೇ ಕೇಳಿದರು. ಆರು ಸಲ ಫೋನು ಮಾಡಿದವಳು ನಾನು ಎಂದು ನಾಲಿಗೆಯ ತುದಿಯವರೆಗೂ ಬಂತು. ಸುಳ್ಳು ಹೇಳುವುದಿಲ್ಲ, ಅವತ್ತೂ ಹೊಟ್ಟೆ ಉರಿಯಿತು. ಪಕ್ಕದ ಕುರ್ಚಿಯ ಕಡೆ ಕೈ ತೋರಿಸಿದೆ. ಅವರು ಹೋಗಿ ಮಾತಿಗೆ ನಿಂತರು. ಶಸ್ತ್ರಚಿಕಿತ್ಸೆಗೆ ಹೆದರಿದ್ದು, ಹೆಂಡತಿ ಗದರಿದ್ದು, ಮತ್ತೆ ಏಣಿ ಹತ್ತಿ ಕೆಲಸ ಶುರುಮಾಡಿದ್ದು, ಎಲ್ಲವನ್ನೂ ಸವಿಸ್ತಾರವಾಗಿ ಹೇಳಿದರು. ನಾನು ಸಲಕರಣೆ ಜೋಡಿಸುವವಳಂತೆ ಬೆನ್ನು ತಿರುಗಿಸಿ ನಿಂತು ಕೊನೆಯವರೆಗೂ ಕೇಳಿದೆ. ಅವರ ನಾಲಿಗೆ ಒಂದಕ್ಷರಕ್ಕೂ ತೊದಲಲಿಲ್ಲ.